ಎಂಟುನೂರು ಕೋಟಿಯಲ್ಲಿ ನಮ್ಮ ಪಾಲೆಷ್ಟು?

2022ರ ನವೆಂಬರ್ 15ರಂದು ಪ್ರಪಂಚದ ಜನಸಂಖ್ಯೆ 800 ಕೋಟಿ ಮುಟ್ಟಿತೆಂದು ವಿಶ್ವಸಂಸ್ಥೆ ಸಾರಿತು. ನಮ್ಮ ಹರದನಹಳ್ಳಿ ಕಡೆ ಅದು ರಾಗಿ ಕುಯ್ಲಿನ ಹೊತ್ತು. ಪೇಪರಿನಲ್ಲಿ ಸುದ್ದಿ ನೋಡಿದ ಪಕ್ಕದ ಹೊಲದ ಯಜಮಾನರು, "ಎಂಟುನೂರು ಕೋಟಿ ಜನ ಅವ್ರಂತೆ ಕಣಪ್ಪ, ನಂಗೆ ನಾಕಾಳು ಸಿಗ್ತಿಲ್ಲ. ಎಲ್ಲವ್ರೆ ಅವರೆಲ್ಲ?" ಅಂದರು. ನಕ್ಕು ಬಿಡೋ ಮಾತು ಅನ್ನಿಸಿದರೂ ಪ್ರಶ್ನೆ ಸರಿಯಾಗೇ ಇದೆ. ಜಗತ್ತಿನ ಲೆಕ್ಕ ಏರುತ್ತಲೇ ಇರುವಾಗ ನಮ್ಮ ಸೀಮೆಯ ಲೆಕ್ಕ ಎತ್ತ ಹೋಗುತ್ತಿದೆ? ಎರಡಕ್ಕೂ ಏನು ನಂಟು? ಇದನ್ನು ತಿಳಿಯಲು ಜನಗಣತಿಯ ಅಂಕಿಗಳನ್ನು ಒಟ್ಟು ಮಾಡಿಕೊಂಡು ಕೂಡಿ ಕಳೆದು ನೋಡಿದೆ. ನಾನೇನು ಗಣಿತ ಪಂಡಿತನಲ್ಲ. ಇಲ್ಲಿರೋದೆಲ್ಲ ಭಾಗಾಕಾರ ಬಲ್ಲ ಯಾರು ಬೇಕಾದರೂ ಮಾಡಿಕೊಳ್ಳಬಹುದಾದ ಲೆಕ್ಕ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಹೊರದೇಶದ ಸುದ್ದಿಗಳಲ್ಲಿ 'ಬಿಲಿಯನ್' ಅಂತ ಬರುತ್ತಲ್ಲ, ಅದು ನೂರು ಕೋಟಿ. 'ಮಿಲಿಯನ್' ಅಂದರೆ ಹತ್ತು ಲಕ್ಷ. ಇಷ್ಟು ನೆನಪಿದ್ದರೆ ಸಾಕು.

2011ರ ಗಣತಿಯಲ್ಲಿ ಹಾಸನ ಜಿಲ್ಲೆಯಲ್ಲಿ ಸಿಕ್ಕ ಜನ 17,76,421. ಆ ವರ್ಷ ಜಗತ್ತಿನಲ್ಲಿ ಇದ್ದವರು ಸುಮಾರು 707 ಕೋಟಿ. ಭಾಗಿಸಿದರೆ, ಜಗತ್ತಿನ ಹೆಚ್ಚುಕಮ್ಮಿ 4,000 ಜನರಲ್ಲಿ ಒಬ್ಬರು ನಮ್ಮ ಜಿಲ್ಲೆಯವರು. ಇದೇ ಲೆಕ್ಕವನ್ನು ಹಿಂದಕ್ಕೆ ಒಯ್ಯಿರಿ. 1901ರಲ್ಲಿ ಹಾಸನ ಜಿಲ್ಲೆಯ ಜನ 5,68,919. ಜಗತ್ತು 160 ಕೋಟಿಯ ಆಸುಪಾಸು. ಆಗ 2,800 ಜನಕ್ಕೆ ಒಬ್ಬರು ನಮ್ಮವರು. 1951ರಲ್ಲಿ ನಾವು 7.15 ಲಕ್ಷ, ಜಗತ್ತು 254 ಕೋಟಿ, 3,550ಕ್ಕೆ ಒಬ್ಬರು. 1981ರಲ್ಲಿ ನಾವು 13.57 ಲಕ್ಷ, ಜಗತ್ತು 452 ಕೋಟಿ, 3,330ಕ್ಕೆ ಒಬ್ಬರು. ಜಿಲ್ಲೆಯ ಗಡಿ ನಡುವೆ ಅಷ್ಟಿಷ್ಟು ಹಿಂದುಮುಂದಾಗಿದೆ, ಆದರೆ ಹೋಲಿಕೆ ಕೆಡುವಷ್ಟಲ್ಲ.

ಗಮನಿಸಿ: ನಮ್ಮ ತಲೆಗಳು ಒಂದು ಸಲವೂ ಕಮ್ಮಿ ಆಗಿಲ್ಲ. ಆದರೆ ಜಗತ್ತಿನಲ್ಲಿ ನಮ್ಮ ಪಾಲು ಮೊದಲು ಇಳಿಯಿತು, ಆಮೇಲೆ ಸ್ವಲ್ಪ ಏರಿತು, ಈಗ ಮತ್ತೆ ಇಳಿಯುತ್ತಿದೆ. ಯಾಕೆ ಹೀಗೆ ಅನ್ನೋದನ್ನು ಹಿಡಿದು ಹೋದರೆ ಯಜಮಾನರ ಪ್ರಶ್ನೆಗೂ ಉತ್ತರ ಸಿಗುತ್ತೆ.

ಜಗತ್ತನ್ನು ಎಣಿಸಿದವರು ಯಾರು?

ಜಗತ್ತಿನ ಜನರನ್ನೆಲ್ಲ ಯಾರೂ ಸಾಲಾಗಿ ನಿಲ್ಲಿಸಿ ಎಣಿಸಿಲ್ಲ. ಒಂದೊಂದು ದೇಶ ಒಂದೊಂದು ವರ್ಷ ತನ್ನ ಗಣತಿ ಮಾಡುತ್ತೆ. ವಿಶ್ವಸಂಸ್ಥೆಯ ಜನಸಂಖ್ಯಾ ವಿಭಾಗದವರು 1951ರಿಂದ ಇವನ್ನು ಕಲೆಹಾಕಿ ಜಗತ್ತಿನ ಅಂದಾಜು ಹೊರಡಿಸುತ್ತಾ ಬಂದಿದ್ದಾರೆ. 2024ರಲ್ಲಿ ಬಂದದ್ದು ಅದರ 28ನೆಯ ಆವೃತ್ತಿ. ಗಣತಿ ಇಲ್ಲದ ವರ್ಷಕ್ಕೆ ಅವರು ಮಾಡೋದು ಇಷ್ಟೇ: ಕಳೆದ ಎಣಿಕೆಗೆ ಹುಟ್ಟಿದವರನ್ನು ಕೂಡಿಸಿ, ಸತ್ತವರನ್ನು ಕಳೆದು, ದೇಶಕ್ಕೆ ಬಂದವರನ್ನು ಸೇರಿಸಿ, ಹೋದವರನ್ನು ತೆಗೆಯೋದು.

ಹುಟ್ಟು ಸಾವು ಎಲ್ಲ ಕಡೆ ಪುಸ್ತಕಕ್ಕೆ ಏರುವುದಿಲ್ಲ. ಅದಕ್ಕೇ ಮಾದರಿ ಸಮೀಕ್ಷೆ. ಇದು ನಮಗೆ ಹೊಸದಲ್ಲ. ಬೆಳೆ ವಿಮೆಗಾಗಿ ಬೆಳೆ ಕಟಾವು ಪ್ರಯೋಗ ಮಾಡ್ತಾರಲ್ಲ, ಹಾಗೇ. ಸರ್ವೆ ನಂಬರನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಐದು ಮೀಟರ್ ಉದ್ದ ಐದು ಮೀಟರ್ ಅಗಲದ ಚೌಕಕ್ಕೆ ಹಗ್ಗ ಹಿಡಿದು, ಅಷ್ಟನ್ನು ಕುಯ್ದು ತೂಗಿ, ಅದರಿಂದ ಹೋಬಳಿಯ ಇಳುವರಿ ಹೇಳ್ತಾರೆ. ನಮ್ಮ ದೇಶದಲ್ಲಿ ಆರಿಸಿದ ಕೆಲವು ಹಳ್ಳಿಗಳಲ್ಲಿ, ಪಟ್ಟಣದ ಕೆಲವು ಬ್ಲಾಕುಗಳಲ್ಲಿ ಹುಟ್ಟು ಸಾವನ್ನು ಬಿಡದೆ ಬರೆದಿಟ್ಟು ಇಡೀ ರಾಜ್ಯದ ದರ ಕಟ್ಟುವ ಪದ್ಧತಿ 1960ರ ದಶಕದಲ್ಲೇ ಶುರುವಾಯಿತು. ಇದಕ್ಕೆ ಮಾದರಿ ನೋಂದಣಿ ವ್ಯವಸ್ಥೆ ಅಂತ ಹೆಸರು. ವಿಶ್ವಸಂಸ್ಥೆಯ ಭಾರತದ ಲೆಕ್ಕಕ್ಕೆ ಆಧಾರವಾದ ಮುಖ್ಯ ಅಂಕಿಗಳಲ್ಲಿ ಇದೂ ಒಂದು. ಆದ್ದರಿಂದ ನವೆಂಬರ್ 15 ಅನ್ನೋದು ಅಂದಾಜಿನ ದಿನ. ಆ ದಿನವೇ 800 ಕೋಟಿಯನೆಯ ಕೂಸು ಹುಟ್ಟಿತು ಅಂತ ಯಾರೂ ಪ್ರಮಾಣ ಮಾಡೋ ಹಾಗಿಲ್ಲ.

ಒಂದು ಸೀಮೆಯ ಜನ ನೋಡಿ ಇಡೀ ಜಗತ್ತಿಗೆ ಲೆಕ್ಕ ಹಾಕುವ ಆಸೆ ಬಹಳ ಹಳೆಯದು. 1679ರಲ್ಲಿ ಹಾಲೆಂಡಿನ ಲೇವನ್‌ಹುಕ್ ಇದನ್ನು ಮಾಡಿದ. ಬಟ್ಟೆ ವ್ಯಾಪಾರಿ, ತಾನೇ ಮಸೂರ ಉಜ್ಜಿಕೊಂಡು, ಬರಿಗಣ್ಣಿಗೆ ಕಾಣದ ಜೀವಿಗಳನ್ನು ಕಂಡು ಹೆಸರಾದವನು. ಅವನ ಲೆಕ್ಕ ಹೀಗೆ: ಹಾಲೆಂಡಿನಲ್ಲಿ ಹತ್ತು ಲಕ್ಷ ಜನ, ಭೂಮಿಯ ಮೇಲೆ ಜನ ಇರಬಹುದಾದ ನೆಲ ಹಾಲೆಂಡಿನ 13,385 ಪಟ್ಟು, ಎಲ್ಲ ಕಡೆ ಹಾಲೆಂಡಿನಷ್ಟೇ ಒತ್ತಾಗಿ ಜನ ತುಂಬಿದ್ದರೆ 1,338 ಕೋಟಿ. ಆಗ ಜಗತ್ತಿನಲ್ಲಿ ನಿಜವಾಗಿ ಇದ್ದವರು ಸುಮಾರು 60 ಕೋಟಿ ಅಂತ ಈಗಿನವರ ಅಂದಾಜು.

ಅವನ ಆಟವನ್ನು ನಾನು ಹಾಸನಕ್ಕೆ ಆಡಿ ನೋಡಿದೆ. 2011ರಲ್ಲಿ ನಮ್ಮ ಜಿಲ್ಲೆಯಲ್ಲಿ ಒಂದು ಚದರ ಕಿಲೋಮೀಟರಿಗೆ 261 ಜನ. ಹಿಮಖಂಡ ಬಿಟ್ಟು ಭೂಮಿಯ ಮೇಲಿನ ನೆಲ ಸುಮಾರು 13 ಕೋಟಿ ಚದರ ಕಿಲೋಮೀಟರ್. ಎಲ್ಲ ಕಡೆ ಹಾಸನದ ಹಾಗೇ ಜನ ಇದ್ದಿದ್ದರೆ ಜಗತ್ತು 3,390 ಕೋಟಿ ಆಗುತ್ತಿತ್ತು! ಇರೋದು 800 ಕೋಟಿ. ಮರಳುಗಾಡು, ಬೋಳು ಬೆಟ್ಟ, ಹಿಮದ ಬಯಲು ಎಲ್ಲವನ್ನೂ ಹೇಮಾವತಿ ನಾಲೆಯ ಬಯಲಿಗೆ ಸಮ ಮಾಡಿದರೆ ಹೀಗೇ ಆಗೋದು. ಆದರೂ ಈ ಆಟದಿಂದ ಒಂದು ಸಂಗತಿ ತಿಳಿಯಿತು. ಜಗತ್ತಿನ ಸರಾಸರಿಗಿಂತ ನಾಲ್ಕು ಪಟ್ಟು ಹೆಚ್ಚು ಜನ ನಮ್ಮ ನೆಲದ ಮೇಲೆ ಇದ್ದಾರೆ. ಆಳು ಸಿಗಲ್ಲ ಅನ್ನೋ ಊರು ಜನವಿಲ್ಲದ ಊರಲ್ಲ.

ಮುಂದಿನ ಕಾಲದ ಅಂದಾಜುಗಳು ಎಷ್ಟು ನಿಜವಾಗುತ್ತವೆ ಅಂತ ಕೆಲವರಿಗೆ ಅನುಮಾನ. 2000ನೇ ಇಸವಿಗೆ ಜಗತ್ತು 628 ಕೋಟಿ ಆಗುತ್ತೆ ಅಂತ ವಿಶ್ವಸಂಸ್ಥೆ 1958ರಲ್ಲೇ ಹೇಳಿತ್ತು. ಆದದ್ದು ಸುಮಾರು 615 ಕೋಟಿ. ನಲವತ್ತೆರಡು ವರ್ಷ ಮೊದಲೇ ಹೇಳಿದ್ದಕ್ಕೆ ಇದು ಸಣ್ಣ ವ್ಯತ್ಯಾಸ. ಆದರೆ ಇದೇ ನಂಬಿಕೆಯನ್ನು ಒಂದು ತಾಲ್ಲೂಕಿನ ಅಂದಾಜಿನ ಮೇಲೆ ಇಡಬೇಡಿ. ದೊಡ್ಡ ಮೊತ್ತದಲ್ಲಿ ಒಂದು ಕಡೆಯ ಹೆಚ್ಚು ಇನ್ನೊಂದು ಕಡೆಯ ಕಮ್ಮಿಯನ್ನು ತಿಂದು ಹಾಕುತ್ತೆ. ಸಣ್ಣ ಜಾಗದಲ್ಲಿ ಹಾಗಾಗಲ್ಲ. ಗೊರೂರಿನ ಹತ್ತಿರ ಹೇಮಾವತಿಗೆ ಕಟ್ಟೆ ಕಟ್ಟಿದರು, 1979ರಲ್ಲಿ ಮುಗಿಯಿತು. ಒಂದಷ್ಟು ಹಳ್ಳಿ ನೀರಿನಡಿ ಹೋದವು, ಜನ ಎದ್ದು ಬೇರೆ ಕಡೆ ಹೋದರು, ನಾಲೆ ಬಂದ ಕಡೆ ಸಾಗುವಳಿಯೇ ಬದಲಾಯಿತು. ಹುಟ್ಟು ಸಾವಿನ ಸರಾಸರಿ ಹಿಡಿದು ಕೂತವರಿಗೆ ಇದು ಹೇಗೆ ಗೊತ್ತಾಗಬೇಕು?

ಧಾತು ಈಶ್ವರದ ಬರ

ಹಳೇ ಮೈಸೂರಿನಲ್ಲಿ ಖಾನೇಷುಮಾರಿ ಅಂತ ಮನೆಯೆಣಿಕೆ ಮಾಡೋ ರೂಢಿ ಮೊದಲಿಂದಲೂ ಇತ್ತು. ಈಗಿನ ರೀತಿಯ ಗಣತಿ ಮೊದಲು ಆದದ್ದು 1871ರಲ್ಲಿ. ಆಗ ಹಾಸನ ಜಿಲ್ಲೆಯ ಜನ 5,18,987. ಹತ್ತು ವರ್ಷದ ಮೇಲೆ, 1881ರಲ್ಲಿ, 4,28,344. ಹೆಚ್ಚಬೇಕಿದ್ದ ಕಡೆ 90 ಸಾವಿರ ತಲೆ ಕಮ್ಮಿ. ಆರು ಜನರಲ್ಲಿ ಒಬ್ಬರು ಇಲ್ಲ. ನಡುವೆ ಬಂದದ್ದು 1876ರಿಂದ 78ರವರೆಗಿನ ಬರ. ಧಾತು ಸಂವತ್ಸರದಲ್ಲಿ ಶುರುವಾಗಿ ಈಶ್ವರ ಸಂವತ್ಸರಕ್ಕೂ ಹಬ್ಬಿದ್ದರಿಂದ ಹಿಂದಿನವರು ಅದನ್ನು ಧಾತು ಈಶ್ವರದ ಬರ ಅಂತ ಕರೆದರು. ಇಡೀ ಮೈಸೂರು ಸಂಸ್ಥಾನ ಅದೇ ಹತ್ತು ವರ್ಷದಲ್ಲಿ 50.55 ಲಕ್ಷದಿಂದ 41.86 ಲಕ್ಷಕ್ಕೆ ಇಳಿಯಿತು. ಹಾಸನ 1871ರ ಸಂಖ್ಯೆಯನ್ನು 1891ರಲ್ಲೂ ಮುಟ್ಟಿರಲಿಲ್ಲ, ಆಗ 5,11,975. ಇಪ್ಪತ್ತು ವರ್ಷ ಒಂದು ಬರಕ್ಕೆ ಹೋಯಿತು.

ಜಗತ್ತಿನ ಜನಸಂಖ್ಯೆಯ ಚಿತ್ರಗಳಲ್ಲಿ ಆ ಕಾಲದ ಗೆರೆ ನೋಡಿ. ಎಡದಿಂದ ಬಲಕ್ಕೆ ನುಣ್ಣಗೆ ಏರುತ್ತಾ ಹೋಗುತ್ತೆ. ಹಾಸನದ ಈ ಗುಂಡಿ ಅಲ್ಲಿ ಕಾಣಲ್ಲ. ಜಗತ್ತಿನ ಸರಾಸರಿ ಓದುವಾಗ ನಮ್ಮಂಥವರು ನೆನಪಿಡಬೇಕಾದ ಸಂಗತಿ ಇದು.

ಅದಾದ ಮೇಲೂ ನೆಮ್ಮದಿ ಇರಲಿಲ್ಲ. 1898ರಲ್ಲಿ ಸಂಸ್ಥಾನಕ್ಕೆ ಪ್ಲೇಗು ಬಂತು. 1918ರಲ್ಲಿ ಇನ್‌ಫ್ಲುಯೆಂಜಾ ಜ್ವರ ದೇಶದಲ್ಲಿ ಕೋಟಿಗೂ ಮಿಕ್ಕಿ ಜನರನ್ನು ಒಯ್ದಿತು. ಮಲೆನಾಡಿನ ಅಂಚಿನ ತಾಲ್ಲೂಕುಗಳಲ್ಲಿ ಮಲೇರಿಯಾ ಕೂಸುಗಳನ್ನು ಉಳಿಯಗೊಡಲಿಲ್ಲ. ಈಗಿನ ಕರ್ನಾಟಕದ ಗಡಿಯೊಳಗಿನ ಜನ 1911ರಲ್ಲಿ 135.25 ಲಕ್ಷ ಇದ್ದದ್ದು 1921ಕ್ಕೆ 133.78 ಲಕ್ಷಕ್ಕೆ ಬಂತು. ಗಣತಿಯ ಲೆಕ್ಕದಲ್ಲಿ ಈಚಿನ ನೂರಿಪ್ಪತ್ತು ವರ್ಷದಲ್ಲಿ ರಾಜ್ಯದ ಜನ ಇಳಿದದ್ದು ಆ ಹತ್ತು ವರ್ಷದಲ್ಲಿ ಮಾತ್ರ. 1901ರಿಂದ 1951ರವರೆಗೆ ಐವತ್ತು ವರ್ಷದಲ್ಲಿ ಜಗತ್ತು ಅರ್ಧಕ್ಕಿಂತ ಹೆಚ್ಚು ಬೆಳೆದರೆ ಹಾಸನ ಕಾಲು ಭಾಗ ಮಾತ್ರ ಬೆಳೆಯಿತು. ನಮ್ಮ ಪಾಲು ಮೊದಲ ಸಲ ಇಳಿದದ್ದು ಹೀಗೆ. ಮಕ್ಕಳು ಹುಟ್ಟಲಿಲ್ಲ ಅಂತಲ್ಲ. ಮನೆಗೆ ಎಂಟು ಹತ್ತು ಹುಟ್ಟುತ್ತಿದ್ದವು, ಉಳಿಯುತ್ತಿದ್ದವು ಮೂರೋ ನಾಲ್ಕೋ.

ಏರಿದ್ದು, ಇಳಿದದ್ದು

1953ರಲ್ಲಿ ದೇಶದಲ್ಲೆಲ್ಲ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಮನೆಮನೆಗೆ ಡಿಡಿಟಿ ಹೊಡೆದರು. ಸಿಡುಬಿಗೆ ಲಸಿಕೆ, ಊರಿಗೆ ಬಾವಿ, ಬರ ಬಂದರೆ ರೇಷನ್ ಅಂಗಡಿ. ಸಾವು ಇಳಿಯಿತು, ಹುಟ್ಟು ಹಾಗೇ ಇತ್ತು. 1951ರಿಂದ 61ಕ್ಕೆ ಹಾಸನ ನೂರಕ್ಕೆ 25ರಷ್ಟು ಬೆಳೆಯಿತು. ಮುಂದಿನ ಎರಡು ದಶಕದಲ್ಲೂ 23, 23. ಜಗತ್ತು ಆಗ ದಶಕಕ್ಕೆ 20ರಿಂದ 22ರಷ್ಟು ಬೆಳೆಯುತ್ತಿತ್ತು. ಜಗತ್ತಿಗಿಂತ ನಾವು ಮುಂದೆ ಓಡಿದ್ದು ಈ ಮೂವತ್ತು ವರ್ಷ.

ಆಮೇಲೆ ತಿರುವು. 1981ರಿಂದ 91ಕ್ಕೆ ನಮ್ಮ ಬೆಳವಣಿಗೆ ನೂರಕ್ಕೆ 15.7, ಜಗತ್ತಿನದು 19ರ ಹತ್ತಿರ. 1991ರಿಂದ 2001ಕ್ಕೆ ನಮ್ಮದು 9.7, ಜಗತ್ತು 15. 2001ರಿಂದ 2011ಕ್ಕೆ ನಮ್ಮದು ಬರೀ 3.2, ಜಗತ್ತು 13 ಚಿಲ್ಲರೆ, ಕರ್ನಾಟಕ 15.6, ಭಾರತ 17.7. ಜನಸಂಖ್ಯೆ ಸ್ಫೋಟ ಅಂತ ಭಾಷಣ ಮಾಡುವವರು ಹಾಸನಕ್ಕೆ ಬಂದಾಗಲಾದರೂ ಈ ಕೊನೆಯ ಸಾಲನ್ನು ಓದಿಕೊಂಡು ಬರಬೇಕು.

ಇದನ್ನು ಬೇಗ ತಿಳಿಯಲು ಒಂದು ಉಪಾಯವಿದೆ. 70ನ್ನು ವರ್ಷದ ಶೇಕಡಾ ಬೆಳವಣಿಗೆಯಿಂದ ಭಾಗಿಸಿದರೆ ಎಷ್ಟು ವರ್ಷಕ್ಕೆ ಇಮ್ಮಡಿ ಆಗುತ್ತೆ ಅಂತ ಬರುತ್ತೆ. (ಸಾಲದ ಚಕ್ರಬಡ್ಡಿಗೂ ಇದೇ ಲೆಕ್ಕ ನಡೆಯುತ್ತೆ. ವರ್ಷಕ್ಕೆ ನೂರಕ್ಕೆ 14 ಬಡ್ಡಿಯಾದರೆ ಐದೇ ವರ್ಷ!) 1960-70ರ ದಶಕದಲ್ಲಿ ಹಾಸನ ವರ್ಷಕ್ಕೆ 2.1ರಷ್ಟು ಬೆಳೆಯುತ್ತಿತ್ತು, 33 ವರ್ಷಕ್ಕೆ ಇಮ್ಮಡಿ. 2001-11ರ ವೇಗ ವರ್ಷಕ್ಕೆ 0.31, ಇಮ್ಮಡಿಯಾಗಲು 225 ವರ್ಷ. ಜಗತ್ತಿನ ವೇಗ 2024ರ ಸುಮಾರಿಗೆ 0.9, ಅದೇ ವೇಗ ನಿಂತರೆ 80 ವರ್ಷ. ಆದರೆ ಅದೂ ನಿಲ್ಲಲ್ಲ, ಇಳಿಯುತ್ತಿದೆ. 2080ರ ದಶಕದ ನಡುವೆ 1,030 ಕೋಟಿ ಮುಟ್ಟಿ ಅಲ್ಲಿಂದ ಇಳಿಯಬಹುದು ಅಂತ 2024ರ ಅಂದಾಜು ಹೇಳುತ್ತೆ.

ಹಾಗಂತ ಜಗತ್ತು ನಿಂತಿಲ್ಲ. ವರ್ಷಕ್ಕೆ ಸುಮಾರು 7 ಕೋಟಿ ಜನ ಈಗಲೂ ಕೂಡುತ್ತಿದ್ದಾರೆ. ದಿನಕ್ಕೆ 1.9 ಲಕ್ಷ. ಹಾಸನ ಜಿಲ್ಲೆಯ 2011ರ ಜನ ಎಷ್ಟೋ ಅಷ್ಟು ಹೊಸ ಜನ ಒಂಬತ್ತು ಹತ್ತು ದಿನಕ್ಕೊಮ್ಮೆ ಜಗತ್ತಿಗೆ ಸೇರುತ್ತಾರೆ. ಅದೇ ನಮ್ಮ ಜಿಲ್ಲೆಗೆ ಹತ್ತು ವರ್ಷದಲ್ಲಿ ಸೇರಿದ್ದು 54,752.

ನಮ್ಮ ಸೀಮೆಯಿಂದ ಜಗತ್ತು ಕಲಿತದ್ದು

ಹೆರಿಗೆ ಇಳಿದ ಕಥೆಯಲ್ಲಿ ಹಳೇ ಮೈಸೂರಿಗೆ ಒಂದು ಜಾಗ ಇದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. 1930ರಲ್ಲಿ ಮೈಸೂರು ಸರ್ಕಾರ ಬೆಂಗಳೂರು, ಮೈಸೂರುಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಿತು. ಸರ್ಕಾರವೇ ನಡೆಸಿದ ಇಂಥ ಚಿಕಿತ್ಸಾಲಯಗಳಲ್ಲಿ ಜಗತ್ತಿನಲ್ಲೇ ಇವು ಮೊದಲನೆಯವು ಅಂತ ಹೇಳುತ್ತಾರೆ. 1951-52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಬೆಂಗಳೂರು ನಗರ ಮತ್ತು ಮೈಸೂರು ಸಂಸ್ಥಾನದ ಹಳ್ಳಿಗಳಲ್ಲಿ ಮನೆಮನೆ ತಿರುಗಿ ವಿವರ ಕೇಳಿದವು: ಮದುವೆ ಯಾವ ವಯಸ್ಸಿಗೆ, ಹೆರಿಗೆ ಎಷ್ಟು, ಉಳಿದ ಮಕ್ಕಳೆಷ್ಟು, ಇನ್ನೂ ಬೇಕೋ ಬೇಡವೋ. 'ಮೈಸೂರು ಜನಸಂಖ್ಯಾ ಅಧ್ಯಯನ' ಎಂಬ ಹೆಸರಿನಲ್ಲಿ ಅದು 1961ರಲ್ಲಿ ಅಚ್ಚಾಯಿತು. ಬಡ ದೇಶದ ಹಳ್ಳಿಗಳಲ್ಲಿ ಜನ ಹೇಗೆ ಬೆಳೆಯುತ್ತಾರೆ, ಅದಕ್ಕೂ ಹೊಟ್ಟೆಪಾಡಿಗೂ ಏನು ಸಂಬಂಧ ಅಂತ ತಿಳಿಯಲು ಜಗತ್ತಿನ ಪಂಡಿತರು ಓದಿದ ಪುಸ್ತಕ ಅದು. ಅವರ ಮುಂದೆ ಕೂತು ಉತ್ತರ ಹೇಳಿದವರು ನಮ್ಮ ಅಜ್ಜಿ ಮುತ್ತಜ್ಜಿಯರ ಓರಗೆಯವರು.

ಅದೇ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ರಾಮನಗರದಲ್ಲಿ ಮತ್ತೊಂದು ಪ್ರಯೋಗ ನಡೆಯಿತು. ತಿಂಗಳಲ್ಲಿ ಗರ್ಭ ನಿಲ್ಲುವ ದಿನ, ನಿಲ್ಲದ ದಿನ ಲೆಕ್ಕ ಇಡಲು ಹೆಂಗಸರಿಗೆ ಬಣ್ಣದ ಮಣಿ ಪೋಣಿಸಿದ ಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಅದು ಹೇಳಿಕೊಳ್ಳುವಂಥ ಫಲ ಕೊಡಲಿಲ್ಲ. ಹೊಲ, ಮನೆ, ದನ, ಕೂಸು ನೋಡುವ ಹೆಂಗಸು ದಿನಾ ಮಣಿ ನೆನಪಿಟ್ಟು ಸರಿಸಬೇಕು, ಗಂಡನೂ ಅದಕ್ಕೆ ಒಪ್ಪಬೇಕು ಅಂದರೆ ಆಗೋ ಮಾತೆ?

ನನಗೆ ಅನ್ನಿಸೋದು, ಮಣಿಸರಕ್ಕಿಂತ ಹೆಣ್ಣುಮಕ್ಕಳ ಶಾಲೆ, ಮತ್ತೆ ಹುಟ್ಟಿದ ಕೂಸು ಉಳಿಯುತ್ತೆ ಅನ್ನೋ ಧೈರ್ಯ ಹೆಚ್ಚು ಕೆಲಸ ಮಾಡಿದವು. 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಣ್ಣೊಬ್ಬಳಿಗೆ ಸರಾಸರಿ 2.85 ಮಕ್ಕಳು. 2019-21ರ ಸಮೀಕ್ಷೆಯಲ್ಲಿ 1.7. ಜಗತ್ತಿನ ಸರಾಸರಿ ಈಗ 2.2ರ ಮೇಲಿದೆ. ಅಪ್ಪ ಅಮ್ಮನ ಜಾಗ ತುಂಬಲು ಬೇಕಾದ್ದು 2.1. ನಾವು ಅದಕ್ಕಿಂತ ಕೆಳಗೆ ಬಂದಾಗಿದೆ.

ಜಗತ್ತಿಗೆ ಎರಡು ಬಾಗಿಲು, ಜಿಲ್ಲೆಗೆ ನಾಲ್ಕು

ಇನ್ನು ಆಳಿನ ಪ್ರಶ್ನೆ. ಜಗತ್ತನ್ನು ಬಿಟ್ಟು ಯಾರೂ ಗುಳೆ ಹೋಗಲ್ಲ. ಜಗತ್ತಿನ ಲೆಕ್ಕಕ್ಕೆ ಹುಟ್ಟು, ಸಾವು ಅಂತ ಎರಡೇ ಬಾಗಿಲು. ಜಿಲ್ಲೆಗಾದರೆ ಹುಟ್ಟು, ಸಾವು, ಬರೋದು, ಹೋಗೋದು ಅಂತ ನಾಲ್ಕು. ಜಿಲ್ಲೆಯ ಅಂಕಿಯನ್ನು ಜಗತ್ತಿನ ಅಂಕಿಯ ಪಕ್ಕ ಇಡುವಾಗ ಇದನ್ನು ಮರೆತರೆ ಲೆಕ್ಕ ಎಡವುತ್ತೆ.

2011ರ ಸುಮಾರಿಗೆ ಕರ್ನಾಟಕದಲ್ಲಿ ಸಾವಿರ ಜನಕ್ಕೆ ವರ್ಷಕ್ಕೆ 19 ಹುಟ್ಟು, 7 ಸಾವು. ಉಳಿಕೆ 12. ಹಾಸನ ಬೆಳೆದದ್ದು ವರ್ಷಕ್ಕೆ ಸಾವಿರಕ್ಕೆ ಮೂರು. ನಮ್ಮಲ್ಲಿ ಹೆರಿಗೆ ರಾಜ್ಯದ ಸರಾಸರಿಗಿಂತ ಕಮ್ಮಿಯೇ ಅಂತ ಇಟ್ಟುಕೊಂಡರೂ ನಡುವಿನ ಅಂತರವನ್ನೆಲ್ಲ ಅದು ತುಂಬಲಾರದು. ಉಳಿದವರು ನಾಲ್ಕನೆಯ ಬಾಗಿಲಿನಿಂದ ಹೋದರು. ಎಲ್ಲಿಗೆ ಅಂತ ಕೇಳಬೇಕೆ? ಅದೇ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆ 65.37 ಲಕ್ಷದಿಂದ 96.21 ಲಕ್ಷಕ್ಕೆ ಏರಿತು. ಅಲ್ಲಿ ಹೊಸದಾಗಿ ಕೂಡಿದ 31 ಲಕ್ಷದೊಳಗೆ ಒಂದೂಮುಕ್ಕಾಲು ಹಾಸನ ಜಿಲ್ಲೆ ಹಿಡಿಸುತ್ತೆ. ನಮ್ಮ ಜಿಲ್ಲೆಯಲ್ಲಿ 2011ರಲ್ಲಿ ಸಾವಿರ ಗಂಡಸರಿಗೆ 1,010 ಹೆಂಗಸರು. ಗಂಡಸರು ದುಡಿಮೆಗೆ ಹೊರಗೆ ಹೋದ ಸೀಮೆಗಳಲ್ಲಿ ಹೀಗಾಗೋದು ಸಾಮಾನ್ಯ.

ಅಂದರೆ ಊರಲ್ಲಿ ತಲೆ ಕಮ್ಮಿ ಆಗಿಲ್ಲ, ಬಗ್ಗಿ ಕುಯ್ಯುವ ವಯಸ್ಸಿನವರು ಕಮ್ಮಿ ಆಗಿದ್ದಾರೆ. ಮನೆಯಲ್ಲಿ ನಾಲ್ಕು ಜನ ಅಂತ ಪಟ್ಟಿ ಹೇಳಿದರೆ ಅದರಲ್ಲಿ ಒಬ್ಬ ಮುದುಕ, ಒಬ್ಬ ಮುದುಕಿ, ಒಂದು ಶಾಲೆಯ ಕೂಸು. ಚನ್ನರಾಯಪಟ್ಟಣದ ಕಡೆ ತೆಂಗಿನ ಮರ ಹತ್ತುವವರನ್ನು ಹುಡುಕಿ ಸಾಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಕಡೆ, ಸಕಲೇಶಪುರದ ಕಾಫಿ ತೋಟಗಳಿಗೆ ಅಸ್ಸಾಮಿನಿಂದ ಆಳು ಬರುತ್ತಿದ್ದಾರೆ. ಜಗತ್ತಿನ 800 ಕೋಟಿ ಎಲ್ಲಿದೆ ಅಂದರೆ, ಅದರ ಒಂದು ಚೂರು ಹೀಗೆ ರೈಲು ಹತ್ತಿ ನಮ್ಮ ಜಿಲ್ಲೆಗೂ ಬಂದಿದೆ, ನಮ್ಮದೊಂದು ಚೂರು ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿದೆ.

ಜನ ನಿಂತರೂ ಜಮೀನು ಒಡೆಯುತ್ತಲೇ ಇದೆ

ಬೆಳವಣಿಗೆ ನಿಂತರೆ ಹಿಡುವಳಿಯೂ ಒಡೆಯೋದು ನಿಲ್ಲಬೇಕಲ್ಲ ಅಂತ ಕೇಳಬಹುದು. ನಿಂತಿಲ್ಲ. ಕೃಷಿ ಗಣತಿಯ ಪ್ರಕಾರ 1970-71ರಲ್ಲಿ ಕರ್ನಾಟಕದ ಸರಾಸರಿ ಹಿಡುವಳಿ 3.20 ಹೆಕ್ಟೇರು, ಅಂದರೆ ಎಂಟು ಎಕರೆಗೆ ಹತ್ತಿರ. 2015-16ರಲ್ಲಿ 1.36 ಹೆಕ್ಟೇರು, ಮೂರು ಎಕರೆ ಹದಿನಾಲ್ಕು ಗುಂಟೆ.

ಕಾರಣ ಇದು. ಜನ ಹೆಚ್ಚಿದ ಹೊತ್ತೇ ಬೇರೆ, ಜಮೀನು ಹಿಸ್ಸೆ ಆಗೋ ಹೊತ್ತೇ ಬೇರೆ. 1951ರಿಂದ 81ರ ನಡುವೆ ಹುಟ್ಟಿ, ಸಾಯದೆ ಉಳಿದುಕೊಂಡ ಮಕ್ಕಳು ದೊಡ್ಡವರಾಗಿ, ಮದುವೆಯಾಗಿ, ಅಪ್ಪ ಕಣ್ಣು ಮುಚ್ಚಿ, ಪಾಲು ಕೇಳುವ ಹೊತ್ತಿಗೆ ಮೂವತ್ತು ನಲವತ್ತು ವರ್ಷ ಕಳೆದಿರುತ್ತೆ. ನಮ್ಮ ಮನೆಯದೇ ಲೆಕ್ಕ ಹೇಳ್ತೀನಿ. ತಾತನಿಗೆ ಎಂಟು ಎಕರೆ. ಅವರ ಒಡಹುಟ್ಟಿದ ಗಂಡಸರು ಯಾರೂ ಬದುಕಿ ಉಳಿಯಲಿಲ್ಲ, ಪೂರ್ತಿ ಅವರಿಗೇ ಬಂತು. ತಾತನಿಗೆ ನಾಲ್ಕು ಗಂಡುಮಕ್ಕಳು, ನಾಲ್ವರೂ ಉಳಿದರು. ಅಪ್ಪನಿಗೆ ಬಂದದ್ದು ಎರಡೆಕರೆ. ನಾವು ಇಬ್ಬರು ಅಣ್ಣತಮ್ಮಂದಿರು, ಒಂದೊಂದು ಎಕರೆ. ಗಣತಿಯ ಪುಸ್ತಕದಲ್ಲಿ ಹಾಸನದ ಸಾವು ಇಳಿದದ್ದನ್ನು ನಾನು ಪಹಣಿಯಲ್ಲೇ ಓದಬಲ್ಲೆ.

ನನಗೆ ಒಬ್ಬ ಮಗ, ಒಬ್ಬಳು ಮಗಳು. ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಕಾಯಿದೆ ಮಾಡಿತು, 2005ರಲ್ಲಿ ಇಡೀ ದೇಶಕ್ಕೆ ಬಂತು. ಅದು ನ್ಯಾಯವೇ. ಆದರೆ ಇನ್ನು ಮುಂದೆ ಒಡೆಯೋದು ಗುಂಟೆಗಳನ್ನು. ಹಾಗಾಗಿ ಈಗಿನ ಮಕ್ಕಳು ಕಮ್ಮಿ ಅನ್ನೋದರ ಅನುಕೂಲ ಜಮೀನಿಗೆ ತಟ್ಟೋದು ಇನ್ನೂ ಒಂದು ತಲೆಮಾರಿನ ಮೇಲೆ. ಊರಲ್ಲಿ ನಿಲ್ಲುವವನು ಪೇಟೆಗೆ ಹೋದ ಒಡಹುಟ್ಟಿದವರ ಪಾಲನ್ನು ಗುತ್ತಿಗೆಗೋ ವಾರಕ್ಕೋ ಮಾಡಿ ಒಟ್ಟಿಗೆ ಉಳುವ ರೂಢಿ ಈಗಾಗಲೇ ಶುರುವಾಗಿದೆ. ಕಾಗದದಲ್ಲಿ ಒಡೆದದ್ದು ಹೊಲದಲ್ಲಿ ಕೂಡುತ್ತಿದೆ. ಬಾಯಿಮಾತಿನಲ್ಲಿ ಬಿಡದೆ ವರ್ಷದ ಕರಾರು ಬರೆದುಕೊಳ್ಳೋದು ಇಬ್ಬರಿಗೂ ಕ್ಷೇಮ.

ಈ ಅಂಕಿಗಳಿಂದ ಹಣ, ಅಧಿಕಾರ

ಜನ ಕಮ್ಮಿ ಬೆಳೆದರೆ ಮೆಚ್ಚುಗೆ ಸಿಗುತ್ತೆ ಅಂದುಕೊಂಡರೆ ಅದೂ ಪೂರ್ತಿ ನಿಜವಲ್ಲ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲು ಹಂಚೋದು ಹಣಕಾಸು ಆಯೋಗ. 14ನೆಯ ಆಯೋಗದಲ್ಲಿ ಕರ್ನಾಟಕದ ಪಾಲು ನೂರಕ್ಕೆ 4.713 ಇದ್ದದ್ದು 15ನೆಯ ಆಯೋಗದ 2021-26ರ ಲೆಕ್ಕದಲ್ಲಿ 3.647ಕ್ಕೆ ಬಂತು. ಅದಕ್ಕೆ ರಾಜ್ಯದ ತಲಾ ಆದಾಯ ಹೆಚ್ಚೆಂಬುದೂ ಸೇರಿ ಹಲವು ಕಾರಣ. ಒಂದು ಕಾರಣ, 1971ರ ಜನಸಂಖ್ಯೆ ಬಿಟ್ಟು 2011ರದನ್ನು ಹಿಡಿದದ್ದು. ಹೆರಿಗೆ ಇಳಿಸಿದ ರಾಜ್ಯಗಳಿಗೆ ಬೇರೆ ಅಂಕ ಕೊಟ್ಟು ಸ್ವಲ್ಪ ಸಮಾಧಾನ ಮಾಡಿದರು. ಲೋಕಸಭೆಯಲ್ಲಿ ರಾಜ್ಯಕ್ಕೆ ಎಷ್ಟು ಸ್ಥಾನ ಅನ್ನೋದು 1971ರ ಗಣತಿಗೇ ನಿಂತಿದೆ. 1976ರ ಸಂವಿಧಾನ ತಿದ್ದುಪಡಿ ಹಾಗೆ ತಡೆಹಿಡಿಯಿತು. 2001ರದು 2026ರ ನಂತರದ ಮೊದಲ ಗಣತಿಯವರೆಗೆ ಅದನ್ನು ಮುಂದುವರಿಸಿತು. ರಾಜ್ಯದೊಳಗೂ ಇದೇ ಮಾತು: ಹಾಸನ 3.2 ಬೆಳೆದು ಬೆಂಗಳೂರು 47 ಬೆಳೆದರೆ ಮುಂದೆ ಕ್ಷೇತ್ರ ಒಡೆಯುವಾಗ ಹಳ್ಳಿಯ ದನಿ ಯಾವ ಕಡೆ ವಾಲುತ್ತೆ ಅಂತ ನೀವೇ ಊಹಿಸಿ.

2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ. 2025ರ ಜೂನಿನ ಅಧಿಸೂಚನೆಯ ಪ್ರಕಾರ ಹೊಸ ಗಣತಿಗೆ ಹಿಡಿದಿರುವ ದಿನ 2027ರ ಮಾರ್ಚ್ 1. 2011ರ ಮೇಲೆ ಹಾಸನಕ್ಕೆ ಎಷ್ಟೆಂದು ಯಾರು ಹೇಳಿದರೂ ಅದು ಅಂದಾಜು. ಗಣತಿಯಲ್ಲಿ ಜನರನ್ನು ಬರೆದುಕೊಳ್ಳೋದು ಅವರು ಆ ಹೊತ್ತಿಗೆ ಇರುವ ಜಾಗದಲ್ಲಿ. ಎಣಿಕೆಯ ಅವಧಿ ಪೂರ್ತಿ ಬೆಂಗಳೂರಿನಲ್ಲೇ ಇದ್ದ ಮಗ ಬೆಂಗಳೂರಿನ ಲೆಕ್ಕಕ್ಕೆ ಸೇರುತ್ತಾನೆ. ರೇಷನ್ ಕಾರ್ಡಿನಲ್ಲಿ ಊರಿನ ಹೆಸರಿದ್ದರೂ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಎರಡು ಕಡೆ ಬರೆಸಬಾರದು. ಅವನು ಸುಗ್ಗಿಗೆ ಬಂದು ನಡುವೆ ಊರಲ್ಲೇ ಉಳಿದಿದ್ದರೆ ಎಲ್ಲಿ ಬರೆಸಬೇಕೆಂದು ಎಣಿಕೆಯವರನ್ನೇ ಕೇಳಿ. ಮನೆಯಲ್ಲಿರುವ ಕೂಸು, ಹಾಸಿಗೆ ಹಿಡಿದ ಮುದುಕರು, ತೋಟದ ಗುಡಿಸಲಿನಲ್ಲಿರುವ ಆಳಿನ ಸಂಸಾರ ಇವರನ್ನು ಹೇಳೋಕೆ ಮರೆಯೋದೇ ಹೆಚ್ಚು. ಇನ್ನು ಹುಟ್ಟು, ಸಾವು ಎರಡನ್ನೂ 21 ದಿನದೊಳಗೆ ನೋಂದಾಯಿಸಿದರೆ ಶುಲ್ಕ ಇಲ್ಲ. ಪೌತಿ ಖಾತೆಗೂ ಆ ಮರಣ ಪತ್ರವೇ ಬೇಕಾಗೋದರಿಂದ ಅದನ್ನು ಮುಂದಕ್ಕೆ ಹಾಕಬೇಡಿ.